ನಿಮ್ಮ ಉದ್ದಿಮೆಗೊಂದು ಲೋಗೊ: ಓದುಗರ ಪ್ರಶ್ನೆಗಳಿಗೆ ವಿನ್ಯಾಸಕರ ಉತ್ತರ

ಈ ಸಂಚಿಕೆಯ ಪ್ರಶ್ನೋತ್ತರವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಸಣ್ಣ ಉದ್ದಿಮೆ ನಡೆಸುವ ಓದುಗರು ಲೋಗೊ ಕುರಿತು ಕಳುಹಿಸಿದ ಪತ್ರಗಳಲ್ಲಿ ಹೆಚ್ಚು ಜನರಿಗೆ ಅನ್ವಯಿಸುವಂಥವನ್ನು ಆಯ್ದು, ಸಂಕ್ಷೇಪಿಸಿ ಇಲ್ಲಿ ಕೊಡಲಾಗಿದೆ. ಬರೆದವರ ಹೆಸರುಗಳನ್ನು ಕೈಬಿಟ್ಟು ವೃತ್ತಿ ಮತ್ತು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತೇವೆ. ಊರಿನ ಡಿಟಿಪಿ ಅಂಗಡಿಯಲ್ಲಿ ಲೋಗೊ ಮಾಡಿಸಿದೆವು. ಅದರಲ್ಲಿ ಜೋಳದ ತೆನೆ, ಒಲೆಯ ಮೇಲಿನ ಹಂಚು, ರೊಟ್ಟಿ ಬಡಿಯುತ್ತಿರುವ ಹೆಣ್ಣುಮಗಳು, ಹಿಂದೆ ಗೋಳಗುಮ್ಮಟ, ಸುತ್ತಲೂ ಸಂಘದ ಪೂರ್ತಿ ಹೆಸರು ಇವೆ. ಫೋನಿನಲ್ಲಿ ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಆದರೆ ಪ್ಯಾಕೆಟ್ ಮೇಲೆ ಮುದ್ರಿಸಿದರೆ ಒಂದು ಮಸಿಯ ಗುಂಡಿನಂತೆ ಕಾಣುತ್ತದೆ. ಮುದ್ರಕರನ್ನು ಬದಲಿಸಬೇಕೆ, ಲೋಗೊವನ್ನೇ ಬದಲಿಸಬೇಕೆ?
— ರೊಟ್ಟಿ ಉದ್ದಿಮೆದಾರರು, ವಿಜಯಪುರ

ಉತ್ತರ: ಮುದ್ರಕರನ್ನು ದೂರುವಂತಿಲ್ಲ. ಐದು ಸಂಗತಿಗಳನ್ನು ಹೇಳುವ ಚಿತ್ರವನ್ನು ಎರಡು ಸೆಂಟಿಮೀಟರ್ ಅಗಲದ ಜಾಗದಲ್ಲಿ ಯಾರು ಮುದ್ರಿಸಿದರೂ ಫಲಿತಾಂಶ ಇದೇ ಆಗಿರುತ್ತದೆ. ಫೋನಿನಲ್ಲಿ ಅದನ್ನು ನೋಡಿದವರು ಬೆರಳಿನಿಂದ ಹಿಗ್ಗಿಸಿ ನೋಡಿದ್ದಾರೆ. ಅಂಗಡಿಯ ಕಪಾಟಿನಲ್ಲಿ ಇರುವ ಪ್ಯಾಕೆಟ್ಟನ್ನು ಹಾಗೆ ಹಿಗ್ಗಿಸಿ ನೋಡಲು ಯಾರಿಗೂ ಆಗುವುದಿಲ್ಲ.

ಲೋಗೊದಿಂದ ಏನು ಕೆಲಸ ಆಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಉಳಿದದ್ದು ಸುಲಭವಾಗುತ್ತದೆ. ಒಮ್ಮೆ ನಿಮ್ಮ ರೊಟ್ಟಿ ತಿಂದು ಮೆಚ್ಚಿದವರು ಮುಂದಿನ ಸಲ ಬಂದಾಗ ಪಕ್ಕದಲ್ಲಿರುವ ನಾಲ್ಕಾರು ಬೇರೆ ರೊಟ್ಟಿ ಪ್ಯಾಕೆಟ್‌ಗಳ ನಡುವೆ ನಿಮ್ಮದನ್ನೇ ಗುರುತಿಸಿ ಕೈಗೆತ್ತಿಕೊಳ್ಳಬೇಕು. ಅಷ್ಟೇ ಅದರ ಕೆಲಸ. ನೀವು ಏನು ಮಾರುತ್ತೀರಿ, ಯಾರು ಮಾಡುತ್ತಾರೆ, ಯಾವ ಊರಿನವರು ಎಂಬುದನ್ನೆಲ್ಲ ಹೇಳಲು ಪ್ಯಾಕೆಟ್‌ನಲ್ಲಿ ಬೇರೆ ಜಾಗಗಳಿವೆ. ಪಾರದರ್ಶಕ ಪೌಚಿನೊಳಗೆ ರೊಟ್ಟಿಯೇ ಕಾಣುತ್ತಿರುವಾಗ ಅದರ ಮೇಲೆ ರೊಟ್ಟಿಯ ಚಿತ್ರ ಬರೆದು ಗ್ರಾಹಕರಿಗೆ ಹೊಸದಾಗಿ ತಿಳಿಸುವುದೇನೂ ಉಳಿದಿರುವುದಿಲ್ಲ.

ದೊಡ್ಡ ಕಂಪನಿಗಳೂ ಇದೇ ಹಾದಿಯಲ್ಲಿ ಎಡವಿ ಎದ್ದಿವೆ. ಆ್ಯಪಲ್ ಕಂಪನಿಯ ಮೊದಲ ಲೋಗೊ ಹೇಗಿತ್ತು ಎಂಬುದು ಇಂದು ಹೆಚ್ಚಿನವರಿಗೆ ಗೊತ್ತಿಲ್ಲ. 1976ರಲ್ಲಿ ಸಂಸ್ಥಾಪಕರಲ್ಲಿ ಒಬ್ಬರಾದ ರೊನಾಲ್ಡ್ ವೇನ್ ಬರೆದ ಆ ಚಿತ್ರದಲ್ಲಿ ಐಸಾಕ್ ನ್ಯೂಟನ್ ಮರದ ಕೆಳಗೆ ಕುಳಿತು ಓದುತ್ತಿದ್ದರು, ತಲೆಯ ಮೇಲೆ ಸೇಬು ತೂಗುತ್ತಿತ್ತು, ಚೌಕಟ್ಟಿನ ಸುತ್ತ ಕವಿತೆಯ ಸಾಲೂ ಇತ್ತು. ಮರುವರ್ಷವೇ ಅದನ್ನು ಕೈಬಿಟ್ಟು ರಾಬ್ ಜಾನಾಫ್ ಎಂಬ ವಿನ್ಯಾಸಕರಿಂದ ಒಂದು ಬದಿ ಕಚ್ಚಿದ ಸೇಬನ್ನು ಮಾತ್ರ ಬರೆಸಿಕೊಂಡರು. ಆ ಕಚ್ಚಿದ ಗುರುತಿಗೂ ವ್ಯಾವಹಾರಿಕ ಕಾರಣವೇ ಇತ್ತು: ಚಿಕ್ಕದಾಗಿ ಮುದ್ರಿಸಿದಾಗ ಅದು ಚೆರ್ರಿ ಹಣ್ಣಿನಂತೆ ಕಾಣಬಾರದು ಎಂಬುದು. ಕಂಪ್ಯೂಟರಿನ ಚಿತ್ರ ಅದರಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಶತಮಾನ ದಾಟಿದ ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ಗುರುತು ಶರಭ: ಆನೆಯ ತಲೆ, ಸಿಂಹದ ಮೈ. ಅದರಲ್ಲಿ ಗಂಧದ ಮರವಿಲ್ಲ, ನೊರೆಯಿಲ್ಲ, ಸ್ನಾನ ಮಾಡುವವರಿಲ್ಲ. ಆದರೂ ಆ ಪ್ರಾಣಿಯನ್ನು ಕಂಡ ಕೂಡಲೇ ನಮ್ಮ ಮನೆಗಳಲ್ಲಿ ಗಂಧದ ಪರಿಮಳ ನೆನಪಾಗುತ್ತದೆ. ಆ ಅರ್ಥವನ್ನು ಶರಭಕ್ಕೆ ತಂದುಕೊಟ್ಟಿದ್ದು ಚಿತ್ರಕಾರರಲ್ಲ, ಮೂರು ನಾಲ್ಕು ತಲೆಮಾರು ಒಂದೇ ಗುಣಮಟ್ಟದಲ್ಲಿ ಬಂದ ಸಾಬೂನು. ನಿಮ್ಮ ಗುರುತಿಗೂ ಅರ್ಥ ತುಂಬುವುದು ನಿಮ್ಮ ರೊಟ್ಟಿಯೇ. ಆದ್ದರಿಂದ ಮೊದಲ ದಿನವೇ ಅದರೊಳಗೆ ಎಲ್ಲವನ್ನೂ ತುಂಬುವ ಆತುರ ಬೇಡ.

ಈಗಿರುವ ಐದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ಜೋಳದ ತೆನೆಯನ್ನು ಚಿಕ್ಕದು ಮಾಡಿದರೆ ಗೋಧಿಯ ತೆನೆಯಂತೆ ಕಾಣುತ್ತದೆ, ಮೇಲಾಗಿ ಹಿಟ್ಟು, ಗೊಬ್ಬರ, ಬೀಜದ ಚೀಲಗಳ ಮೇಲೆಲ್ಲ ತೆನೆಗಳೇ ಇವೆ. ಗೋಳಗುಮ್ಮಟ ಇಡೀ ಜಿಲ್ಲೆಗೆ ಸೇರಿದ ಗುರುತು, ನಿಮ್ಮ ಊರಿನ ಲಾಡ್ಜು, ಟ್ರಾವೆಲ್ಸ್, ಸಹಕಾರ ಸಂಘಗಳು ಅದನ್ನು ಆಗಲೇ ಬಳಸುತ್ತಿರುತ್ತವೆ. ನನಗೆ ಕಾಣುವಂತೆ ಇದರಲ್ಲಿ ನಿಮ್ಮದೇ ಆದದ್ದು ಬಡಿಯುವ ಕೈ. ಲಟ್ಟಣಿಗೆಯಲ್ಲಿ ಅಥವಾ ಯಂತ್ರದಲ್ಲಿ ಮಾಡಿದ ರೊಟ್ಟಿಯ ಅಂಚು ಕೈವಾರ ಇಟ್ಟು ಎಳೆದಂತೆ ಇರುತ್ತದೆ. ಕೈಯಲ್ಲಿ ಬಡಿದ ರೊಟ್ಟಿಯ ಅಂಚು ಅಲ್ಲಲ್ಲಿ ತುಸು ಉಬ್ಬಿ, ತುಸು ಒಳಸರಿದು, ಒಂದೆರಡು ಕಡೆ ಕೂದಲೆಳೆಯಷ್ಟು ಸೀಳಿರುತ್ತದೆ. ಅಂಥ ಒಂದು ಅಸಮ ವೃತ್ತ, ಅದರೊಳಗೆ ಐದು ಬೆರಳುಗಳ ಅಚ್ಚು, ಕೆಳಗೆ ಎರಡು ಅಥವಾ ಮೂರು ಅಕ್ಷರಗಳ ಹೆಸರು ಇದ್ದರೆ ಸಾಕು. ಸಂಘದ ಪೂರ್ತಿ ಹೆಸರು ಪ್ಯಾಕೆಟ್ಟಿನ ಹಿಂಬದಿಯಲ್ಲಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಮತ್ತು ವಿಳಾಸದ ಜೊತೆಗೆ ಬರಲಿ.

ಹೊಸ ವಿನ್ಯಾಸ ಬಂದ ಮೇಲೆ ಹಣ ಕೊಡುವ ಮೊದಲು ಅದರಿಂದ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಹಳೆಯ ವೃತ್ತಪತ್ರಿಕೆಯ ಮೇಲೆ ಒತ್ತಿ ನೋಡಿ. ಬಣ್ಣವಿಲ್ಲದೆ, ಒರಟು ಕಾಗದದ ಮೇಲೆ, ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ಅದು ಗುರುತು ಸಿಕ್ಕರೆ ಉಳಿದ ಎಲ್ಲ ಕಡೆಯೂ ಸಿಗುತ್ತದೆ. ಇನ್ನೊಂದು ಪರೀಕ್ಷೆ: ಸಂಘಕ್ಕೆ ಸಂಬಂಧಪಡದ ಒಬ್ಬರಿಗೆ ಒಂದು ಗಳಿಗೆ ತೋರಿಸಿ, ಮರುದಿನ ನೆನಪಿನಿಂದ ಬರೆಯಲು ಹೇಳಿ. ಅಂದವಾಗಿ ಬರೆಯಬೇಕಾಗಿಲ್ಲ, ವೃತ್ತ ಮತ್ತು ಕೈ ಎಂದು ನೆನಪಾದರೆ ಆಯಿತು.

ಪ್ರಶ್ನೆ: ನಮ್ಮದು ಕಾಫಿ ಪುಡಿ ಮಾಡುವ ಚಿಕ್ಕ ಘಟಕ. ಪ್ರವಾಸಿಗರೇ ಹೆಚ್ಚು ಕೊಳ್ಳುವುದರಿಂದ ಲೋಗೊ ಇಂಗ್ಲಿಷಿನಲ್ಲಿ ಇರಲಿ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲೇ ಇರಲಿ ಎಂದು ಮಗಳು ಹೇಳುತ್ತಾಳೆ. ಕನ್ನಡ ಅಕ್ಷರಗಳು ಲೋಗೊಗೆ ಒಗ್ಗುವುದಿಲ್ಲ ಎಂದು ವಿನ್ಯಾಸಕರು ಹೇಳಿದರು. ಇದು ನಿಜವೆ?
— ಕಾಫಿ ವ್ಯಾಪಾರಿ, ಚಿಕ್ಕಮಗಳೂರು

ಉತ್ತರ: ಕನ್ನಡ ಅಕ್ಷರಗಳು ಒಗ್ಗುವುದಿಲ್ಲ ಎನ್ನುವವರು ಬಹುಪಾಲು ಕನ್ನಡ ಅಕ್ಷರಗಳ ಜೊತೆ ಕೆಲಸ ಮಾಡಿ ಅಭ್ಯಾಸವಿಲ್ಲದವರು. ಕಷ್ಟ ಇರುವುದು ನಿಜ, ಆದರೆ ಅದು ಯಾವ ಕಷ್ಟ ಎಂದು ತಿಳಿದಿದ್ದರೆ ದಾಟಬಹುದು.

ಇಂಗ್ಲಿಷಿನ ದೊಡ್ಡಕ್ಷರಗಳು ಮೇಲೊಂದು ಗೆರೆ, ಕೆಳಗೊಂದು ಗೆರೆ ಎಳೆದರೆ ಅದರೊಳಗೆ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕನ್ನಡ ಮೂರು ಅಂತಸ್ತುಗಳಲ್ಲಿ ನಿಲ್ಲುವ ಲಿಪಿ. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತಕ್ಷರ. ಎರಡೂ ಭಾಷೆಯ ಹೆಸರನ್ನು ಒಂದೇ ಎತ್ತರದ ಪಟ್ಟಿಯಲ್ಲಿ ಕೂರಿಸಿದರೆ ಕನ್ನಡದ ಮೈ ಕುಗ್ಗಿ ಇಂಗ್ಲಿಷ್ ಎದ್ದು ಕಾಣುತ್ತದೆ. ಅಳತೆಪಟ್ಟಿಯನ್ನು ನಂಬಿದ ವಿನ್ಯಾಸಕರಿಗೆ ಎರಡೂ ಸಮ ಎನಿಸುತ್ತದೆ, ಎದುರು ನಿಂತು ನೋಡುವವರಿಗೆ ಹಾಗೆ ಕಾಣುವುದಿಲ್ಲ. ಒಟ್ಟು ಎತ್ತರವನ್ನು ಬಿಟ್ಟು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕನ್ನಡ ಅಕ್ಷರದ ಮೈಯನ್ನು ಹೋಲಿಸಿ ಕಣ್ಣಳತೆಯಲ್ಲಿ ಸರಿಪಡಿಸಬೇಕು. ಒತ್ತು ಮತ್ತು ಗುಡಿಸುಗಳಿಗೆ ಹೆಚ್ಚಿನ ಜಾಗ ಬಿಡಬೇಕು.

ಎರಡನೆಯ ಕಷ್ಟವನ್ನು ನಿಮ್ಮದೇ ಸರಕಿನ ಹೆಸರಿನಲ್ಲಿ ನೋಡಬಹುದು. ‘ಕಾಫಿ’ ಎಂದು ಬರೆದಾಗ ಪ ಮತ್ತು ಫ ಎರಡರ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳಿನಲ್ಲಿದೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಜೋಡಿಗಳೂ ಹೀಗೆಯೇ. ದಪ್ಪ ಅಕ್ಷರ ಚಂದವೆಂದು ಇನ್ನಷ್ಟು ದಪ್ಪ ಮಾಡಿ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಚೀಲದ ಮೇಲೆ ಹೊಡೆಸಿದರೆ ಶಾಯಿ ಹರಡಿ ಆ ಸೀಳು ಮುಚ್ಚಿಹೋಗುತ್ತದೆ, ನಿಮ್ಮ ಕಾಫಿ ‘ಕಾಪಿ’ ಆಗುತ್ತದೆ. ಮನೆಯಲ್ಲಿ ಹಾಗೆ ಅನ್ನುವವರು ಇದ್ದಾರೆ, ಪ್ಯಾಕೆಟ್ ಮೇಲೆ ಬೇಡ. ಲೋಗೊಗಾಗಿ ಬರೆಯುವಾಗ ಇಂಥ ಸೀಳುಗಳನ್ನೂ ಅಕ್ಷರದ ಒಳಗಿನ ಸುಳಿಗಳನ್ನೂ ಫಾಂಟಿನಲ್ಲಿ ಇರುವುದಕ್ಕಿಂತ ಉದ್ದೇಶಪೂರ್ವಕವಾಗಿ ಹೆಚ್ಚು ತೆರೆದಿಡಬೇಕು.

ಇನ್ನು ಜಾಗ ತುಂಬಲೆಂದು ಅಕ್ಷರಗಳನ್ನು ಅಡ್ಡಕ್ಕೆ ಎಳೆದು ಅಗಲ ಮಾಡುವ ಅಭ್ಯಾಸ ನಮ್ಮ ಬೋರ್ಡುಗಳಲ್ಲಿ ತುಂಬ ಇದೆ. ಹಾಗೆ ಎಳೆದಾಗ ನಿಂತ ಗೆರೆಗಳು ದಪ್ಪವಾಗಿ, ಮಲಗಿದ ಗೆರೆಗಳು ತೆಳುವಾಗಿಯೇ ಉಳಿದು, ದುಂಡಗಿರುವ ಕನ್ನಡ ಅಕ್ಷರ ಮೈಮೇಲೆ ಭಾರ ಬಿದ್ದಂತೆ ಚಪ್ಪಟೆಯಾಗುತ್ತದೆ. ಅಗಲ ಅಕ್ಷರ ಬೇಕಿದ್ದರೆ ಅಗಲವಾಗಿಯೇ ರೂಪಿಸಿದ ಫಾಂಟನ್ನು ಆರಿಸಿಕೊಳ್ಳಿ. ಅನೆಕ್ ಕನ್ನಡ, ಬಲೂ ತಮ್ಮ, ಟಿರೊ ಕನ್ನಡ, ನೋಟೊ ಮೊದಲಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ, ಅವುಗಳಿಂದ ವ್ಯಾಪಾರಕ್ಕೆ ಲೋಗೊ ಮಾಡಲು ಅಡ್ಡಿಯಿಲ್ಲ. ಅನೆಕ್‌ನಲ್ಲಿ ಕಿರಿದರಿಂದ ಅಗಲದವರೆಗೆ ಹಲವು ಅಳತೆಗಳೂ ಇವೆ. ಆದರೂ ನನ್ನ ಒಲವು ಕೈಬರಹದ ಕಡೆಗೆ. ನಾಲ್ಕೈದು ಅಕ್ಷರಗಳ ಹೆಸರನ್ನು ಬರೆದುಕೊಡಬಲ್ಲ ಬೋರ್ಡು ಬರೆಯುವ ಕಲಾವಿದರು ನಿಮ್ಮ ಊರಿನಲ್ಲಿ ಈಗಲೂ ಸಿಕ್ಕರೆ ಅವರ ಬಳಿ ಹೋಗಿ. ಅವರ ಕುಂಚದಿಂದ ಬಂದ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಹೊಂದಿಕೊಳ್ಳುವ ಬಗೆ ಫಾಂಟಿನಲ್ಲಿ ಸಿಗುವುದು ಅಪರೂಪ.

ಭಾಷೆಯ ಆಯ್ಕೆಗೆ ಕಾನೂನಿನ ಮುಖವೂ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ರಾಜ್ಯದ ಅಂಗಡಿ, ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಮತ್ತು ಅದು ಫಲಕದ ಮೇಲ್ಭಾಗದಲ್ಲಿ ಬರಬೇಕು. ಇಂಗ್ಲಿಷ್ ಲೋಗೊ ಮಾತ್ರ ಮಾಡಿಸಿಕೊಂಡವರು ಆಮೇಲೆ ಬೋರ್ಡು ಬರೆಸುವಾಗ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಅಕ್ಷರದಲ್ಲಿ ಕನ್ನಡ ಹೆಸರನ್ನು ತುರುಕಬೇಕಾಗುತ್ತದೆ. ಆದ್ದರಿಂದ ಪ್ರವಾಸಿಗರಿಗಾಗಿ ಇಂಗ್ಲಿಷ್ ಇರಲಿ, ಆದರೆ ಮೊದಲು ಕನ್ನಡದ ರೂಪವನ್ನು ರಚಿಸಿ, ಅದೇ ಗೆರೆಯ ದಪ್ಪ, ಅದೇ ದುಂಡುತನ ಇಟ್ಟುಕೊಂಡು ಇಂಗ್ಲಿಷನ್ನು ಅದಕ್ಕೆ ಹೊಂದಿಸಲು ಹೇಳಿ. ಈ ಕ್ರಮ ತಿರುವುಮುರುವಾದರೆ ಕನ್ನಡದ ಹೆಸರು ಯಾವಾಗಲೂ ಅನುವಾದದಂತೆ ಕಾಣುತ್ತದೆ. ಪ್ರವಾಸಿಗರ ವಿಚಾರಕ್ಕೆ ಬಂದರೂ, ಚಿಕ್ಕಮಗಳೂರಿನಿಂದ ಕೊಂಡೊಯ್ದ ಪುಡಿಯ ಮೇಲೆ ಕನ್ನಡ ಇದ್ದರೆ ಅದಕ್ಕೆ ಬೆಲೆ ಹೆಚ್ಚೇ ಹೊರತು ಕಡಿಮೆಯಲ್ಲ. ಮಗಳ ಮಾತು ಸರಿ.

ಪ್ರಶ್ನೆ: ನಮ್ಮ ಸಾವಯವ ಬೆಲ್ಲದ ವ್ಯಾಪಾರಕ್ಕೆ ಹಸಿರು, ಕಿತ್ತಳೆ, ಹಳದಿ, ಕಂದು ಬಣ್ಣಗಳ ಲೋಗೊ ಇದೆ. ನನ್ನ ರಾಶಿಗೆ ಹಸಿರು ಆಗಿಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದ್ದಾರೆ. ಕೆಂಪು ಹಸಿವು ತರುತ್ತದೆ, ನೀಲಿ ವಿಶ್ವಾಸ ತರುತ್ತದೆ ಎಂದು ಇಂಟರ್ನೆಟ್‌ನಲ್ಲಿ ಓದಿದ್ದೇನೆ. ಯಾವ ಬಣ್ಣ ಒಳ್ಳೆಯದು?
— ಬೆಲ್ಲದ ವ್ಯಾಪಾರಿ, ಮಂಡ್ಯ

ಉತ್ತರ: ರಾಶಿಯ ವಿಷಯ ನಿಮ್ಮ ನಂಬಿಕೆಗೆ ಬಿಟ್ಟದ್ದು. ಇಂಟರ್ನೆಟ್‌ನ ಬಣ್ಣದ ಪಟ್ಟಿಗಳಿಗೂ ಅದಕ್ಕಿಂತ ಹೆಚ್ಚಿನ ಆಧಾರವಿದೆ ಎಂದು ನಾನು ಭಾವಿಸಿಲ್ಲ. ಪಕ್ಕದ ಬೆಲ್ಲದ ಪ್ಯಾಕೆಟ್‌ಗಳು ಯಾವ ಬಣ್ಣದಲ್ಲಿವೆ ಎಂದು ಸಂತೆಯಲ್ಲಿ ನಿಂತು ನೋಡಿ, ಅವು ಬಳಸದ ಬಣ್ಣವನ್ನು ಆರಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ‘ಸಾವಯವ’ ಎಂದವರೆಲ್ಲ ಹಸಿರನ್ನೇ ಹಿಡಿದಿರುವಾಗ ನಿಮ್ಮ ಜ್ಯೋತಿಷಿಗಳ ಸಲಹೆ ವ್ಯಾಪಾರದ ದೃಷ್ಟಿಯಿಂದಲೂ ಕೆಟ್ಟದ್ದೇನಲ್ಲ.

ಬಣ್ಣಗಳ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಪೌಚ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸಿಲಿಂಡರ್ ಬೇಕು, ಖರ್ಚು ಬಣ್ಣದ ಲೆಕ್ಕದಲ್ಲೇ ಏರುತ್ತದೆ. ಒಂದು ಬಣ್ಣ, ಹೆಚ್ಚೆಂದರೆ ಎರಡು ಸಾಕು. ಫೋನಿನ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಶಾಯಿಯಿಂದ ತೋರಿಸುತ್ತದೆ. ಆದ್ದರಿಂದ ಪರದೆಯಲ್ಲಿ ಹೊಳೆಯುವ ಕಿತ್ತಳೆ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುವುದು ಸಹಜ, ಕಂದು ಬಣ್ಣದ ಕ್ರಾಫ್ಟ್ ಕವರಿನ ಮೇಲೆ ಇನ್ನಷ್ಟು ಮಂಕಾಗುತ್ತದೆ. ನಿಮ್ಮ ಬಣ್ಣದ ಶಾಯಿ ಸಂಖ್ಯೆಯನ್ನು ವಿನ್ಯಾಸಕರಿಂದ ಬರೆಸಿಕೊಂಡು ಪ್ರತಿ ಸಲವೂ ಮುದ್ರಕರಿಗೆ ಅದನ್ನೇ ಕೊಡಿ. ಮತ್ತೊಂದು ಎಚ್ಚರಿಕೆ: ಹಸಿರು ಚೌಕದೊಳಗೆ ಹಸಿರು ಚುಕ್ಕೆ ಆಹಾರ ಪೊಟ್ಟಣಗಳ ಮೇಲೆ ಸಸ್ಯಾಹಾರದ ಕಡ್ಡಾಯ ಚಿಹ್ನೆ. ಅದನ್ನು ಹೋಲುವ ಆಕಾರ ಲೋಗೊದಲ್ಲಿ ಇರಬಾರದು.

ಪ್ರಶ್ನೆ: ಉಡುಪುಗಳ ಆನ್‌ಲೈನ್ ಮಾರಾಟಕ್ಕಾಗಿ ಪರಿಚಯದ ವಿನ್ಯಾಸಕರೊಬ್ಬರಿಂದ ಲೋಗೊ ಮಾಡಿಸಿ ಹಣ ಪೂರ್ತಿ ಕೊಟ್ಟೆವು. ವಾಟ್ಸ್ಆ್ಯಪ್‌ನಲ್ಲಿ ಒಂದು ಜೆಪಿಜಿ ಚಿತ್ರ ಕಳುಹಿಸಿದರು. ಬೋರ್ಡು ಮಾಡುವವರು ‘ಕೋರಲ್ ಫೈಲ್ ತನ್ನಿ’ ಎಂದರು. ವಿನ್ಯಾಸಕರನ್ನು ಕೇಳಿದರೆ ಓಪನ್ ಫೈಲ್‌ಗೆ (ತಿದ್ದಬಹುದಾದ ಮೂಲ ಫೈಲಿಗೆ) ಬೇರೆ ಹಣ ಎನ್ನುತ್ತಾರೆ. ದುಡ್ಡು ಕೊಟ್ಟ ಮೇಲೆ ಲೋಗೊ ನಮ್ಮದಲ್ಲವೆ?
— ದಂಪತಿ, ಬೆಂಗಳೂರು

ಉತ್ತರ: ನ್ಯಾಯವಾಗಿ ಕೇಳಿದರೆ ನಿಮ್ಮದಾಗಬೇಕು. ಕಾನೂನಿನಲ್ಲಿ ತಾನಾಗಿಯೇ ಹಾಗಾಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಅದನ್ನು ರಚಿಸಿದವರದು. ನಿಮ್ಮಲ್ಲಿ ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದರೆ ನಿಮಗೆ ಸೇರುತ್ತದೆ. ಹೊರಗಿನವರಿಂದ ಮಾಡಿಸಿದ್ದರೆ ಹಕ್ಕನ್ನು ನಿಮಗೆ ವರ್ಗಾಯಿಸಿದ್ದೇನೆ ಎಂದು ಅವರು ಬರೆದು ಸಹಿ ಮಾಡಿದ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಅರ್ಥಮಾಡಿಕೊಳ್ಳುತ್ತದೆ. ನೀವು ಆನ್‌ಲೈನ್‌ನಲ್ಲಿ ಮಾರುವವರಾದ್ದರಿಂದ ‘ಹಕ್ಕುಸ್ವಾಮ್ಯದ ಪೂರ್ಣಾವಧಿಗೆ, ಜಗತ್ತಿನಾದ್ಯಂತ’ ಎಂಬ ಮಾತುಗಳು ಇರಲೇಬೇಕು. ಅರ್ಧ ಪುಟದ ಪತ್ರ ಸಾಕು.

ಫೈಲುಗಳ ವಿಷಯ. ಜೆಪಿಜಿ ಚಿತ್ರ ಚುಕ್ಕೆಗಳಿಂದ ಆದದ್ದು, ದೊಡ್ಡದು ಮಾಡಿದರೆ ಅಂಚುಗಳು ಒಡೆಯುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಇನ್ನೂ ಕುಗ್ಗಿರುತ್ತದೆ, ಜೊತೆಗೆ ಹಿನ್ನೆಲೆಯ ಬಿಳಿ ಚೌಕವೂ ಅಂಟಿಕೊಂಡು ಬರುತ್ತದೆ. ಬಣ್ಣದ ಟೀ ಶರ್ಟಿನ ಮೇಲೆ ಬಿಳಿ ಡಬ್ಬಿಯೊಳಗೆ ಕುಳಿತ ಲೋಗೊಗಳು ಹುಟ್ಟುವುದು ಹೀಗೆ. ಬೋರ್ಡು ಕತ್ತರಿಸಲು, ಕಸೂತಿ ಹಾಕಲು ಬೇಕಾಗುವುದು ಗೆರೆಗಳ ಲೆಕ್ಕವನ್ನು ಇಟ್ಟುಕೊಂಡ ವೆಕ್ಟರ್ ಫೈಲು: ಸಿಡಿಆರ್ (ಬೋರ್ಡಿನವರು ಕೇಳಿದ ಕೋರಲ್ ಫೈಲ್ ಇದೇ), ಎಐ (ಇಲಸ್ಟ್ರೇಟರ್ ತಂತ್ರಾಂಶದ ಫೈಲು), ಎಸ್‌ವಿಜಿ, ಅಥವಾ ವೆಕ್ಟರ್ ಆಗಿ ಉಳಿಸಿದ ಪಿಡಿಎಫ್. ಅಕ್ಷರಗಳನ್ನು ಕರ್ವ್ ಮಾಡಿರಬೇಕು, ಅಂದರೆ ಫಾಂಟಿನ ನೆರವು ಬೇಡದ ಗೆರೆಗಳ ಆಕಾರವಾಗಿ ಬದಲಿಸಿರಬೇಕು, ಇಲ್ಲವಾದರೆ ನಿಮ್ಮ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ಬಣ್ಣದ್ದು, ಕಪ್ಪು ಮಾತ್ರ, ಬಿಳಿ ಮಾತ್ರ ಎಂಬ ಮೂರು ರೂಪಗಳು, ಬೋರ್ಡಿಗೆ ಅಡ್ಡಲಾದ ಜೋಡಣೆ, ವಾಟ್ಸ್ಆ್ಯಪ್ ಡಿಪಿಯ ವೃತ್ತದೊಳಗೆ ಕೂರುವ ಜೋಡಣೆ ಇಷ್ಟನ್ನೂ ಕೇಳಿ ಪಡೆಯಿರಿ.

ವಿನ್ಯಾಸಕರ ಪರವಾಗಿಯೂ ಒಂದು ಮಾತು. ಓಪನ್ ಫೈಲ್ ಕೊಡುವ ಬಗ್ಗೆ ಮೊದಲೇ ಮಾತಾಗದಿದ್ದರೆ ಅವರು ಬೇರೆ ಹಣ ಕೇಳುವುದು ಈ ವೃತ್ತಿಯಲ್ಲಿ ಹೊಸದಲ್ಲ. ನೈಕಿ ಕಂಪನಿಯ ಗುರುತನ್ನು 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ 35 ಡಾಲರಿಗೆ ಬರೆದುಕೊಟ್ಟರು ಎಂಬ ಸಂಗತಿಯನ್ನು ಗ್ರಾಹಕರು ನಮ್ಮೆದುರು ಆಗಾಗ ಹೇಳುತ್ತಾರೆ. ಕಂಪನಿ ಬೆಳೆದ ಮೇಲೆ, 1983ರಲ್ಲಿ, ಅವರನ್ನು ಕರೆದು ಷೇರುಗಳನ್ನು ಕೊಟ್ಟಿತು ಎಂಬ ಉಳಿದರ್ಧವನ್ನು ಹೇಳುವವರು ಕಡಿಮೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಿ ‘ಬ್ಯಾಡಗಿ ಖಾರದ ಪುಡಿ’ ಎಂಬ ಹೆಸರಿನಲ್ಲಿ, ಕೆಂಪು ಮೆಣಸಿನಕಾಯಿಯ ಲೋಗೊ ಜೊತೆ ಮಾರಬೇಕೆಂದಿದ್ದೇನೆ. ಇದನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದೆ? ಎಷ್ಟು ಖರ್ಚು? ಆರ್ ಅಕ್ಷರದ ಗುರುತನ್ನು ಈಗಲೇ ಹಾಕಬಹುದೆ?
— ಮಸಾಲೆ ವ್ಯಾಪಾರಿ, ಹಾವೇರಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹಾಕಬಾರದು. ನೋಂದಣಿಯಾಗದ ಗುರುತಿನ ಪಕ್ಕ ವೃತ್ತದೊಳಗಿನ ಆರ್ ಅಕ್ಷರ ಬಳಸುವುದು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಡಿ ಶಿಕ್ಷಾರ್ಹ ಅಪರಾಧ. ಅಲ್ಲಿಯವರೆಗೆ ಟಿಎಂ (ಟ್ರೇಡ್‌ಮಾರ್ಕ್) ಎಂದು ಹಾಕಿಕೊಳ್ಳಬಹುದು.

ಸರಕನ್ನು, ಅದರ ಗುಣವನ್ನು ಅಥವಾ ಅದು ಬಂದ ಊರನ್ನು ವಿವರಿಸುವ ಪದಗಳನ್ನು ಒಬ್ಬರ ಸ್ವತ್ತಾಗಿ ನೋಂದಾಯಿಸಲು ಆ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ಬ್ಯಾಡಗಿ’ ಊರು, ‘ಖಾರದ ಪುಡಿ’ ಸರಕು, ಮೆಣಸಿನಕಾಯಿಯ ಚಿತ್ರ ಅದೇ ಸರಕಿನ ಚಿತ್ರ. ನಿಮ್ಮದೆಂದು ಹೇಳಿಕೊಳ್ಳಲು ಇದರಲ್ಲಿ ಏನೂ ಉಳಿಯಲಿಲ್ಲ. ಮೇಲಾಗಿ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಸರಕು ಇಂಥ ಪ್ರದೇಶದ್ದೆಂದು ಸೂಚಿಸುವ ಭೌಗೋಳಿಕ ಗುರುತು) ಬಂದಿದೆ. ಆ ಹೆಸರು ಅಲ್ಲಿನ ಬೆಳೆಗಾರರ ಸಮುದಾಯಕ್ಕೆ ಸೇರಿದ್ದು, ಅದನ್ನು ಬಳಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಕ್ರಮ. ಧಾರವಾಡ ಪೇಡ, ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ ವ್ಯಾಪಾರ ಮಾಡುವ ಓದುಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ಸರಕಿಗೆ ನೇರ ಸಂಬಂಧವಿಲ್ಲದ, ಬಾಯಲ್ಲಿ ಸುಲಭವಾಗಿ ನಿಲ್ಲುವ ಒಂದು ಹೆಸರನ್ನು ಗುರುತಾಗಿ ಮಾಡಿಕೊಂಡು, ಅದರ ಕೆಳಗೆ ವಿವರಣೆಯಾಗಿ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಎಂದು ಬರೆಯಿರಿ. ಚಿತ್ರಕ್ಕೂ ಹೀಗೆಯೇ. ಅಂಗಡಿಯಲ್ಲಿರುವ ಎಲ್ಲ ಖಾರದ ಪುಡಿ ಪೊಟ್ಟಣಗಳ ಮೇಲೂ ನುಣುಪಾದ, ಹೊಳೆಯುವ ಕೆಂಪು ಮೆಣಸಿನಕಾಯಿ ಇದೆ, ಬ್ಯಾಡಗಿ ಮೆಣಸಿನಕಾಯಿಯ ಮೈ ಸುಕ್ಕುಗಟ್ಟಿರುತ್ತದೆ ಎಂದು ಬಲ್ಲ ನಿಮ್ಮ ಊರಿನವರೂ ಅದನ್ನೇ ಹಾಕಿಸುತ್ತಾರೆ! ಆ ಸುಕ್ಕುಗಳ ಗೆರೆಗಳನ್ನೇ ಪೊಟ್ಟಣದ ಹಿನ್ನೆಲೆಯ ವಿನ್ಯಾಸವಾಗಿ ಬಳಸಿದರೆ ಸರಕಿನ ನಿಜವಾದ ಗುಣ ಕಾಣುತ್ತದೆ. ಲೋಗೊ ಮಾತ್ರ ಬೇರೆಯೇ ಇರಲಿ.

ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ. ಹೆಸರಿನಿಂದ ಮಾತ್ರವಲ್ಲದೆ ಉಚ್ಚಾರದ ಹೋಲಿಕೆಯಿಂದಲೂ, ಚಿತ್ರಗಳಾದರೆ ಅವುಗಳಿಗೆ ಕೊಟ್ಟಿರುವ ವರ್ಗೀಕರಣ ಸಂಖ್ಯೆಯಿಂದಲೂ ಹುಡುಕಲು ಅವಕಾಶವಿದೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ, ಮಸಾಲೆ ಪುಡಿ 30ನೆಯ ವರ್ಗದಲ್ಲಿ ಬರುತ್ತದೆ. 2017ರ ನಿಯಮಗಳ ಪ್ರಕಾರ ಆನ್‌ಲೈನ್ ಅರ್ಜಿಗೆ ಪ್ರತಿ ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕ. ವಕೀಲರ ಖರ್ಚು ಬೇರೆ. ಗುರುತಿನಲ್ಲಿ ಕನ್ನಡ ಪದಗಳಿದ್ದರೆ ಅವುಗಳ ಲಿಪ್ಯಂತರ ಮತ್ತು ಅರ್ಥವನ್ನು ಅರ್ಜಿಯಲ್ಲಿ ಕೊಡಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಪರಿಶೀಲನೆ ಮುಗಿದು ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರೂ ಆಕ್ಷೇಪಿಸದಿದ್ದರೆ ನೋಂದಣಿ ಸಿಗುತ್ತದೆ, ಹತ್ತು ವರ್ಷಗಳಿಗೊಮ್ಮೆ ನವೀಕರಿಸುತ್ತಿರಬೇಕು. ರಾಷ್ಟ್ರಧ್ವಜ, ಅಶೋಕ ಚಕ್ರ, ಸರ್ಕಾರಿ ಲಾಂಛನಗಳನ್ನು ಲೋಗೊದಲ್ಲಿ ಸೇರಿಸುವಂತಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಪ್ರಶ್ನೆ: ಎಐ (ಕೃತಕ ಬುದ್ಧಿಮತ್ತೆ) ಬಳಸಿ ಎರಡು ನಿಮಿಷದಲ್ಲಿ ಲೋಗೊ ಬರುವಾಗ ವಿನ್ಯಾಸಕರಿಗೇಕೆ ಹಣ ಕೊಡಬೇಕು?
— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಕಲ್ಪನೆಗಳನ್ನು ತಿರುವಿ ನೋಡಲು ಬಳಸಿ, ತಪ್ಪಿಲ್ಲ. ಆದರೆ ಅದು ಬರೆದುಕೊಡುವ ಕನ್ನಡವನ್ನು ಅಕ್ಷರ ಅಕ್ಷರವಾಗಿ ಪರೀಕ್ಷಿಸಿ, ಒತ್ತುಗಳು ತಪ್ಪಿರುವುದು ಸಾಮಾನ್ಯ. ಬರುವುದು ಹೆಚ್ಚಾಗಿ ಚುಕ್ಕೆಗಳ ಚಿತ್ರ, ಅದನ್ನು ಬೋರ್ಡಿಗೆ ಬಳಸಲು ಮತ್ತೆ ಗೆರೆಗಳಲ್ಲಿ ಬರೆಯಿಸಬೇಕು. ಯಂತ್ರ ರಚಿಸಿದ ಚಿತ್ರದ ಮೇಲೆ ನಿಮಗೆ ಹಕ್ಕುಸ್ವಾಮ್ಯ ಇದೆಯೆಂದು ಸಾಧಿಸುವುದೂ ಸುಲಭವಲ್ಲ. ಕ್ಯಾನ್ವಾದಂಥ ತಾಣಗಳ ಸಿದ್ಧ ಚಿತ್ರಗಳನ್ನು ಸೇರಿಸಿ ಮಾಡಿದ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅವುಗಳ ಪರವಾನಗಿಯೇ ಬಿಡುವುದಿಲ್ಲ, ಏಕೆಂದರೆ ಅದೇ ಎಲೆ, ಅದೇ ಕಾಫಿ ಕಪ್ ಇನ್ನೂ ಎಷ್ಟೋ ಜನರ ಲೋಗೊದಲ್ಲಿ ಇರುತ್ತವೆ.

ಪ್ರಶ್ನೆ: ತಾತನ ಕಾಲದಿಂದ ಬೆಣ್ಣೆದೋಸೆ ಹೋಟೆಲ್ ನಡೆಸುತ್ತಿದ್ದೇವೆ. ಆಗ ಪೇಂಟರ್ ಒಬ್ಬರು ಕೈಯಿಂದ ಬರೆದ ಹೆಸರೇ ಇಂದಿಗೂ ಬೋರ್ಡಿನಲ್ಲಿದೆ. ಎರಡನೆಯ ಶಾಖೆ ತೆರೆಯುವಾಗ ಹೊಸ ಲೋಗೊ ಮಾಡಿಸೋಣ ಎಂದು ತಮ್ಮ ಹಟ ಹಿಡಿದಿದ್ದಾನೆ. ಏನು ಮಾಡಬೇಕು?
— ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಬದಲಾವಣೆ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ನೂರು ವರ್ಷ ತುಂಬಿದ ಮೇಲೆ ಹಳೆಯ ಗುರುತನ್ನು ಬಿಟ್ಟು ಒಂದಕ್ಕೊಂದು ಬೆಸೆದ ಎರಡು ತ್ರಿಕೋನಗಳನ್ನು ತಂದಿತು, ಇಂದು ಹಳ್ಳಿಯ ಗ್ರಾಹಕರೂ ಅದನ್ನು ದೂರದಿಂದ ಗುರುತಿಸುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸ್‌ಗಾಗಿ 1954ರಲ್ಲಿ ಬರೆದ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ಗಟ್ಟುವನ್ನು ಆ ಕಂಪನಿ 2002ರಲ್ಲಿ ಕೈಬಿಟ್ಟಿತು, ವ್ಯಾಪಾರವೇನೂ ನಿಲ್ಲಲಿಲ್ಲ. ಇನ್ನೊಂದು ಬದಿಯಲ್ಲಿ, ಅಮೆರಿಕದ ಗ್ಯಾಪ್ ಎಂಬ ಉಡುಪು ಕಂಪನಿ 2010ರ ಅಕ್ಟೋಬರಿನಲ್ಲಿ ಕಾರಣ ಹೇಳದೆ ಹೊಸ ಲೋಗೊ ಹಾಕಿ, ಗ್ರಾಹಕರ ಕೋಪಕ್ಕೆ ತುತ್ತಾಗಿ ಒಂದು ವಾರದೊಳಗೆ ಹಳೆಯದಕ್ಕೇ ಮರಳಿತು. ಬ್ಯಾಂಕು, ಬಣ್ಣದ ಕಂಪನಿಗಳ ವ್ಯವಹಾರದ ಸ್ವರೂಪವೇ ಬದಲಾಗಿತ್ತು. ನಿಮ್ಮ ದೋಸೆ ಬದಲಾಗಿಲ್ಲ, ಬದಲಾಗಬೇಕೆಂದು ಯಾರೂ ಬಯಸಿಯೂ ಇಲ್ಲ.

ನಿಮ್ಮ ತಮ್ಮನವರ ಆತುರಕ್ಕೆ ನಿಜವಾದ ಕಾರಣವೂ ಇರಬಹುದು: ಬೋರ್ಡಿನಲ್ಲಿರುವ ಬರಹವನ್ನು ಪಾರ್ಸೆಲ್ ಕವರಿಗೆ, ಬಿಲ್ಲಿಗೆ, ಆರ್ಡರ್ ತೆಗೆದುಕೊಳ್ಳುವ ಆ್ಯಪಿಗೆ ಹಾಕಲು ಆಗುತ್ತಿರುವುದಿಲ್ಲ. ಅದಕ್ಕೆ ಹೊಸ ಲೋಗೊ ಬೇಕಾಗಿಲ್ಲ, ಹಳೆಯದನ್ನೇ ಬಳಕೆಗೆ ಸಿದ್ಧಪಡಿಸಬೇಕು. ಮೋಡ ಕವಿದ ದಿನ, ನೆರಳು ಬೀಳದಂತೆ, ಏಣಿ ಹಾಕಿ ಬೋರ್ಡಿನ ನೇರ ಎದುರಿನಿಂದ ಫೋಟೊ ತೆಗೆಸಿ. ಕನ್ನಡ ಅಕ್ಷರ ಬಲ್ಲ ವಿನ್ಯಾಸಕರಿಂದ ಅದರ ಮೇಲೆ ಗೆರೆ ಗೆರೆಯಾಗಿ ವೆಕ್ಟರ್ ಬರೆಯಿಸಿ. ತಾನಾಗಿಯೇ ಟ್ರೇಸ್ ಮಾಡುವ ಗುಂಡಿ ಒತ್ತಿ ಮುಗಿಸಲು ಬಿಡಬೇಡಿ, ಅದು ಬಣ್ಣ ಎದ್ದ ಕಲೆಯನ್ನೂ ಅಕ್ಷರವೆಂದೇ ಎಣಿಸುತ್ತದೆ. ಎರಡು ದೋ ಅಥವಾ ಎರಡು ಣ್ಣೆ ಬಂದರೆ ಪೇಂಟರ್ ಅವನ್ನು ಒಂದೇ ರೀತಿ ಬರೆದಿರುವುದಿಲ್ಲ. ಅವನ್ನು ಸಮ ಮಾಡಲು ಹೋಗದೆ ಹಾಗೆಯೇ ಉಳಿಸಿ. ತೀರ ಚಿಕ್ಕ ಗಾತ್ರಕ್ಕೆ, ಅಂದರೆ ಆ್ಯಪಿನ ಚೌಕಕ್ಕೆ, ಹೆಸರಿನ ಮೊದಲಕ್ಷರವನ್ನು ಮಾತ್ರ ಅದೇ ಕುಂಚದ ರೂಪದಲ್ಲಿ ತೆಗೆದುಕೊಳ್ಳಿ.

ತಮ್ಮನವರಿಗೆ ಹೊಸತನದ ತೃಪ್ತಿಯೂ ಬೇಕಿದ್ದರೆ ಹೊಸ ಶಾಖೆಯ ಬಣ್ಣ, ಮೆನು ಕಾರ್ಡು, ಒಳಾಂಗಣದಲ್ಲಿ ಅವರಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ. ಹಳೆಯ ಶಾಖೆಯ ಬೋರ್ಡನ್ನು ಮಾತ್ರ ಇಳಿಸಬೇಡಿ, ಅದಕ್ಕೆ ಬಣ್ಣ ಹಚ್ಚುವ ಮೊದಲು ಫೋಟೊ ತೆಗೆದಾಗಿರಲಿ.